ಮಾದರಿ ಜೀವರಕ್ಷಕ ದೋಣಿ: ಪ್ರೊಪೆಲ್ಲರ್ ಶಾಫ್ಟ್‌ಗೆ ಎಷ್ಟು ಆಧಾರ ಬೇಕು? ಫಾರ್ವರ್ಡ್ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು?

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೋಟರ್ ದೋಣಿ ಮಾಡುವ ವಿಡಿಯೊಗಳು ಓಡಾಡತೊಡಗುತ್ತವೆ. ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಕುಮುದ್ವತಿ, ವರದಾ, ದಂಡಾವತಿ ನದಿಗಳೂ ಇಲ್ಲಿವೆ. ಮಳೆಗಾಲದಲ್ಲಿ ನೀರು ಉಕ್ಕುವುದನ್ನು ಕಂಡು ಬೆಳೆದ ಮಕ್ಕಳಿಗೆ ಜೀವರಕ್ಷಕ ದೋಣಿಯ ಮಾದರಿ ಮಾಡಬೇಕೆನಿಸುವುದು ಸಹಜ.

ಆದರೆ ಇಂಥ ದೋಣಿ ಕೈಕೊಡುವುದು ಹಲವು ಸಲ ಮೋಟರ್‌ನಿಂದಲ್ಲ, ಶಾಫ್ಟ್‌ನಿಂದ. ದೋಣಿ ಕೆರೆಯ ನಡುವೆ ನಿಂತುಬಿಟ್ಟರೆ ಅದನ್ನು ತರಲು ಮಗು ನೀರಿಗಿಳಿಯುವ ಅಪಾಯವಿದೆ. ಹಾಗಾಗಿ ಈ ಸಣ್ಣ ವಿಷಯವನ್ನು ನಾವು ಸ್ವಲ್ಪ ವಿವರವಾಗಿ ನೋಡೋಣ.

ಚುಟುಕಾಗಿ

- ಶಾಫ್ಟ್‌ಗೆ ಮುಖ್ಯವಾಗಿ ಎರಡು ಕಡೆ ಆಧಾರ ಬೇಕು: ಒಂದು ಮೋಟರ್ ಬದಿಗೆ, ಇನ್ನೊಂದು ಪ್ರೊಪೆಲ್ಲರ್‌ಗೆ ತೀರಾ ಹತ್ತಿರ.
- ಶಾಫ್ಟ್ ಉದ್ದವಿದ್ದರೆ ಮಾತ್ರ ನಡುವೆ ಮೂರನೆಯದು. ಅದು ನೇರ ಗೆರೆಯಲ್ಲಿ ಇರದಿದ್ದರೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು.
- ಮೊದಲ ಪರೀಕ್ಷೆ ಕೆರೆಯಲ್ಲಲ್ಲ, ಮನೆಯ ಟಬ್‌ನಲ್ಲಿ.

ಪ್ರೊಪೆಲ್ಲರ್ ಶಾಫ್ಟ್ ಅಂದರೆ ಯಾವುದು?

ಗ್ಯಾರೇಜಿನಲ್ಲಿ ಈ ಹೆಸರು ಹೇಳಿದರೆ ಲಾರಿ, ಬಸ್ಸಿನ ಅಡಿಯಲ್ಲಿ ತಿರುಗುವ ಉದ್ದನೆಯ ಕೊಳವೆಯನ್ನು ತೋರಿಸುತ್ತಾರೆ. ದೋಣಿಯಲ್ಲಿ ಅದು ಮೋಟರ್‌ನಿಂದ ಹಿಂದಿನ ಪ್ರೊಪೆಲ್ಲರ್‌ಗೆ ತಿರುಗುವಿಕೆಯನ್ನು ಒಯ್ಯುವ ಕಡ್ಡಿ. ಎರಡಕ್ಕೂ ಕಾಡುವ ಸಮಸ್ಯೆ ಒಂದೇ: ಉದ್ದ ಹೆಚ್ಚಾದರೆ ಬಳುಕು. ಉದ್ದನೆಯ ಬಸ್‌ಗಳಲ್ಲಿ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ‘ಸೆಂಟರ್ ಬೇರಿಂಗ್’ ಕೊಡುವುದು ಇದಕ್ಕೇ.

ಉದ್ದಕ್ಕೂ ಬಳುಕಿಗೂ ಏನು ಸಂಬಂಧ?

ಪ್ರತಿ ಕಡ್ಡಿಗೂ ತನ್ನದೇ ಒಂದು ಕಂಪನದ ವೇಗವಿರುತ್ತದೆ. ತಿರುಗುವ ವೇಗ ಅದಕ್ಕೆ ಹತ್ತಿರವಾದಾಗ ಕಡ್ಡಿ ಹಗ್ಗದಾಟದ ಹಗ್ಗದಂತೆ ಹೊಟ್ಟೆ ಉಬ್ಬಿಸಿಕೊಂಡು ತಿರುಗುತ್ತದೆ. ಆಗ ದೋಣಿ ನಡುಗುತ್ತದೆ, ಬುಷ್ ಸವೆಯುತ್ತದೆ.

ಮಕ್ಕಳು ಶಾಫ್ಟ್ ಆಗಿ ಬಳಸಬಹುದಾದ 2 ಮಿ.ಮೀ. ದಪ್ಪದ ಸೈಕಲ್ ಸ್ಪೋಕ್ ಕಡ್ಡಿಯನ್ನೇ ತೆಗೆದುಕೊಳ್ಳಿ. ಎರಡು ಆಧಾರಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ, ನಾವು ಲೆಕ್ಕ ಹಾಕಿದಂತೆ, ಈ ಅಪಾಯದ ವೇಗ ನಿಮಿಷಕ್ಕೆ ಸುಮಾರು 6,000 ಸುತ್ತು. ಆಟಿಕೆಯ ಸಣ್ಣ ಮೋಟರ್‌ಗಳು ಈ ವೇಗವನ್ನು ಸುಲಭವಾಗಿ ಮುಟ್ಟಬಲ್ಲವು. ಅಂತರವನ್ನು 10 ಸೆಂ.ಮೀ.ಗೆ ಇಳಿಸಿದರೆ ಅದು ಸುಮಾರು 24,000 ಸುತ್ತಿಗೆ ಏರುತ್ತದೆ. ಅಂದರೆ ಅಂತರ ಅರ್ಧವಾದರೆ ಸುರಕ್ಷಿತ ವೇಗದ ಮಿತಿ ನಾಲ್ಕು ಪಟ್ಟು. ಇದು ನೇರವಾದ ಕಡ್ಡಿಯ ಲೆಕ್ಕ. ಸ್ವಲ್ಪ ಬಾಗಿದ ಕಡ್ಡಿಯಾದರೆ ಕಡಿಮೆ ವೇಗದಲ್ಲೇ ನಡುಗುತ್ತದೆ.

ಹೇಳಿಕೆ 1: ಆಧಾರ ಹೆಚ್ಚಿದಷ್ಟೂ ಒಳ್ಳೆಯದು

ಅರ್ಧ ಸತ್ಯ. ಎರಡು ಬಿಂದುಗಳ ನಡುವೆ ನೇರ ಗೆರೆ ಯಾವಾಗಲೂ ಎಳೆಯಬಹುದು. ಮೂರನೆಯ ಬಿಂದು ಆ ಗೆರೆಯ ಮೇಲೆಯೇ ಬೀಳಬೇಕೆಂದರೆ ಅಳತೆ ನಿಖರವಾಗಿರಬೇಕು. ಒಂದು ಮಿ.ಮೀ. ಆಚೀಚೆಯಾದರೂ ಶಾಫ್ಟ್ ಬಾಗಿಕೊಂಡೇ ತಿರುಗುತ್ತದೆ, ಮೋಟರ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಸುಮಾರು 10 ಸೆಂ.ಮೀ. ಶಾಫ್ಟ್‌ಗೆ ಎರಡು ಬುಷ್ ಸಾಕು.

ಹೇಳಿಕೆ 2: ನೀರು ಬರದಂತೆ ಶಾಫ್ಟ್ ಸುತ್ತ ಎಂ-ಸೀಲ್ ಹಚ್ಚಿ

ತಪ್ಪು. ಹಾಗೆ ಮಾಡಿದರೆ ಶಾಫ್ಟೇ ಅಂಟಿಕೊಳ್ಳುತ್ತದೆ. ಎಂ-ಸೀಲ್ ಹಚ್ಚಬೇಕಾದದ್ದು ಶಾಫ್ಟ್ ಹಾಯುವ ಕೊಳವೆಗೂ ದೋಣಿಯ ಮೈಗೂ ನಡುವೆ. ಶಾಫ್ಟ್ ಕೊಳವೆಯೊಳಗೆ ಸಲೀಸಾಗಿ ತಿರುಗಬೇಕು. ಕೊಳವೆಯ ಒಳತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಬರುವಂತೆ ಓರೆಯಾಗಿ ಕೂರಿಸಿ, ಒಳಗೆ ಗ್ರೀಸ್ ತುಂಬಿದರೆ ನೀರು ಒಳಬರುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಹೇಳಿಕೆ 3: ಗ್ರೀಸ್ ಬದಲು ಕೊಬ್ಬರಿ ಎಣ್ಣೆ ಸಾಕು

ಸಾಲದು. ತೆಳು ಎಣ್ಣೆ ಕೊಳವೆಯಲ್ಲಿ ನಿಲ್ಲದೆ ಹೊರಗೆ ಹರಿದುಹೋಗುತ್ತದೆ. ಅಲ್ಲದೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಆಗುವುದೇ ಶಾಫ್ಟ್ ಕೊಳವೆಯಲ್ಲೂ ಆಗುತ್ತದೆ.

ಹೇಳಿಕೆ 4: ಬಾಲ್ ಬೇರಿಂಗ್ ಇಲ್ಲದೆ ಆಗುವುದಿಲ್ಲ

ತಪ್ಪು. ಸಾಧಾರಣ ಉಕ್ಕಿನ ಬಾಲ್ ಬೇರಿಂಗ್ ನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಸರಳ ಹಿತ್ತಾಳೆ ಬುಷ್ ಸಾಕು. ದೊಡ್ಡ ಹಡಗುಗಳಲ್ಲೇ ಮರದ ಬೇರಿಂಗ್ ಬಳಸಿದ್ದುಂಟು! ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡಿದವರಿಗೆ ಮರದಲ್ಲಿ ಎಷ್ಟು ನವಿರು ಕೆಲಸ ಸಾಧ್ಯ ಎಂಬುದು ಗೊತ್ತು. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಪೆನ್ 1854ರಲ್ಲಿ ಲಿಗ್ನಂ ವೈಟೆ ಎಂಬ ಮರದ ಬೇರಿಂಗ್‌ಗೆ ಪೇಟೆಂಟ್ ಪಡೆದರು. ಅದು ನೀರಿನಲ್ಲಿ ಮುಳುಗುವಷ್ಟು ಭಾರದ ಮರ. ಅಲ್ಲಿ ಎಣ್ಣೆಯ ಕೆಲಸವನ್ನು ನೀರೇ ಮಾಡುತ್ತಿತ್ತು.

ಕೂರಿಸುವ ಕ್ರಮ

1. ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಎಗರಿದರೆ ಅದು ಬಾಗಿದೆ, ಬೇರೆಯದನ್ನು ತನ್ನಿ.
2. ಕೊಳವೆಯ ಎರಡೂ ತುದಿಗೆ ಬುಷ್ ಹಾಕಿ.
3. ಕೊಳವೆ ದೋಣಿಯ ತಳದಿಂದ ಬಹಳ ಹೊರಚಾಚಿದ್ದರೆ ಅದರ ಹಿಂತುದಿಗೆ ‘ಎ ಬ್ರಾಕೆಟ್’ ಕೊಡಿ. ಎರಡು ಕಾಲುಗಳು ದೋಣಿಯ ತಳಕ್ಕೆ ಅಂಟಿ, ಕೆಳಗೆ ಅವು ಸೇರುವಲ್ಲಿ ಕೊಳವೆಯನ್ನು ಹಿಡಿಯುವ ಆಧಾರವಿದು.
4. ಅಂಟು ಒಣಗುವ ತನಕ ಗ್ರೀಸ್ ಸವರಿದ ಶಾಫ್ಟ್ ಒಳಗೇ ಇರಲಿ. ಆಗ ಎಲ್ಲ ಆಧಾರಗಳೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.
5. ಮೋಟರನ್ನು ಶಾಫ್ಟ್‌ನ ಗೆರೆಗೆ ಹೊಂದಿಸಿ, ಆಮೇಲೆ ಸೈಕಲ್ ವಾಲ್ವ್ ಟ್ಯೂಬ್‌ನ ಚಿಕ್ಕ ತುಂಡಿನಿಂದ ಜೋಡಿಸಿ. ಸಣ್ಣಪುಟ್ಟ ವ್ಯತ್ಯಾಸವನ್ನು ರಬ್ಬರ್ ತಾಳಿಕೊಳ್ಳುತ್ತದೆ.
6. ಪ್ರೊಪೆಲ್ಲರ್ ಮತ್ತು ಕೊಳವೆಯ ನಡುವೆ ಒಂದು ವಾಷರ್ ಹಾಕಿ. ದೋಣಿಯನ್ನು ಮುಂದೆ ತಳ್ಳುವ ಒತ್ತಡ ಅದರ ಮೇಲೆ ಬೀಳಲಿ, ಮೋಟರ್ ಮೇಲಲ್ಲ.
7. ಪ್ರೊಪೆಲ್ಲರ್ ಕೊನೆಯ ಬುಷ್‌ನಿಂದ ದೂರ ಹೋಗದಿರಲಿ. ಈ ಅಂತರ ಶಾಫ್ಟ್‌ನ ದಪ್ಪದಷ್ಟಿದ್ದರೆ ಉತ್ತಮ.

ಕೊನೆಗೆ ಬೆರಳಿನಿಂದ ತಿರುಗಿಸಿ ನೋಡಿ. ಎಲ್ಲೂ ಬಿಗಿಯಾಗದೆ ತಿರುಗಿದರೆ ಕೆಲಸ ಸರಿಯಾಗಿದೆ. ಗರಗರ ಸದ್ದು ಬಂದರೆ ಮೋಟರ್ ಬದಲಿಸುವ ಮೊದಲು ಜೋಡಣೆ ನೇರವಿದೆಯೇ ನೋಡಿ.

ನಿಜವಾದ ಜೀವರಕ್ಷಕ ದೋಣಿಯಲ್ಲಿ

ನೆರೆ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಎಂಜಿನ್ ಹಿಂಬದಿಗೆ ನೇತಾಡುತ್ತದೆ, ತಳದಲ್ಲಿ ಉದ್ದನೆಯ ಶಾಫ್ಟ್ ಇರುವುದಿಲ್ಲ. ಮಾದರಿಗಳಲ್ಲಿ ಅನುಕರಿಸುವುದು ಹೆಚ್ಚಾಗಿ ಕಡಲಿನ ದೋಣಿಗಳನ್ನು. 1824ರಲ್ಲಿ ಹುಟ್ಟಿದ ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ 1982ರಲ್ಲಿ ಬಳಕೆಗೆ ತಂದ ಟೈನ್ ಮಾದರಿಯ ದೋಣಿಗಳಲ್ಲಿ ಪ್ರೊಪೆಲ್ಲರ್‌ಗಳು ತಳದ ಅರೆಸುರಂಗದಲ್ಲಿ ಅಡಗಿದ್ದವು. ನೆಲಕ್ಕೆ ತಾಗಿದರೂ ಅವು ಮುರಿಯಬಾರದೆಂಬುದು ಉದ್ದೇಶ. ನಮ್ಮ ಕೆರೆಗಳಲ್ಲಿ ಅಂತರಗಂಗೆ, ತಾವರೆ ಬಳ್ಳಿಗಳ ಕಾಟ. ಕಳೆ ಶಾಫ್ಟ್‌ಗೂ ಬ್ರಾಕೆಟ್‌ಗೂ ಸುತ್ತಿಕೊಂಡರೆ ಎಷ್ಟೇ ಚೆನ್ನಾಗಿ ಮಾಡಿದ ದೋಣಿಯೂ ನಿಲ್ಲುತ್ತದೆ.

ನೀರಿಗೆ ಬಿಡುವ ಮುನ್ನ

ಟಬ್‌ನಲ್ಲಿ ಹತ್ತು ನಿಮಿಷ ಓಡಿಸಿ, ಒಳಗೆ ನೀರು ಬಂದಿದೆಯೇ, ಮೋಟರ್ ಬಿಸಿಯಾಗಿದೆಯೇ ನೋಡಿ. ತಿರುಗುವ ಪ್ರೊಪೆಲ್ಲರ್‌ಗೆ ಬೆರಳು ತಾಗಿಸಬೇಡಿ. ಹೊರಗೆ ಓಡಿಸುವಾಗ ದೋಣಿಗೆ ಗಟ್ಟಿ ದಾರ ಕಟ್ಟಿ, ದೊಡ್ಡವರೊಬ್ಬರು ಜೊತೆಗಿರಲಿ. ಕೆರೆಯ ಆಳ ಮತ್ತು ಹೂಳು ದಡದಿಂದ ಗೊತ್ತಾಗುವುದಿಲ್ಲ. ದೋಣಿ ಸಿಕ್ಕಿಕೊಂಡರೆ ದಾರ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ, ಹೊಸದು ಮಾಡಿಕೊಳ್ಳಬಹುದು. ಯಾರಾದರೂ ನೀರಿಗೆ ಬಿದ್ದರೆ ಹಗ್ಗ ಅಥವಾ ಕೋಲು ಚಾಚಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಈಜು ಬಾರದವರು ನೀರಿಗೆ ಹಾರಬೇಡಿ.

ದೋಣಿ ಮಾಡುವ ವಿಡಿಯೊ ಫಾರ್ವರ್ಡ್ ಮಾಡುವಾಗ ಈ ಕೊನೆಯ ಭಾಗವನ್ನೂ ಜೊತೆಗೆ ಕಳಿಸಿ.