ಪ್ರೊಟೆಸ್ಟ್ ಅಂದ್ರೆ ಎಂತ?



ಕೊರಗ ಕಾಲನಿಯೊಂದರ ಪರವಾಗಿ ಮನವಿ ಬರೀತಾ ಕೂತಿದ್ವಿ. ಪುಕ್ಕಟೆ ಡೋಲು ಬಡಿಸಿಕೊಂಡ ವಿಷಯ. ಅದನ್ನು ಇಂಗ್ಲಿಷಿಗೆ ಮಾಡ್ತಿದ್ದ ಬೈಂದೂರಿನ ಹುಡುಗ ಕೇಳಿದ: “ಅಣ್ಣ, ಪ್ರೊಟೆಸ್ಟ್ ಅಂದ್ರೆ ವಿರೋಧ್ಸುದ್ ಅಲ್ದಾ? ಹಾಂಗಾರೆ ‘ಹಿ ಪ್ರೊಟೆಸ್ಟೆಡ್ ಹಿಸ್ ಇನ್ನೊಸೆನ್ಸ್’ ಅಂದ್ರೆ ಎಂತ? ತಾನ್ ನಿರಪರಾಧಿ ಅಂಬ್ದನ್ನೇ ವಿರೋಧಿಸ್ದ್ನಾ?”

ನಕ್ಕೆವು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಆ ಕ್ರಿಯಾಪದದ ಬೇರು ಲ್ಯಾಟಿನ್ನಿನಲ್ಲಿದೆ; ಮೂಲ ಅರ್ಥ, ಎಲ್ಲರೆದುರು ಸಾಕ್ಷಿ ನುಡಿಯುವುದು. ಅಂದರೆ ಅವನು ‘ನಾನು ತಪ್ಪು ಮಾಡಿಲ್ಲ’ ಅಂತ ಗಟ್ಟಿಯಾಗಿ ಸಾರಿದ, ಅಷ್ಟೆ. 1529ರಲ್ಲಿ ಜರ್ಮನಿಯ ಸ್ಪೈಯರ್ ಸಭೆಯಲ್ಲಿ ಲೂಥರನ ಕಡೆಯ ಕೆಲವು ಅರಸರು, ನಗರಗಳು ಬಹುಮತದ ನಿರ್ಣಯ ಒಪ್ಪದೆ ಹೇಳಿಕೆ ಸಲ್ಲಿಸಿದರು. ಪ್ರೊಟೆಸ್ಟೆಂಟ್ ಅನ್ನೋ ಹೆಸರು ಬಂದದ್ದು ಅಲ್ಲಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಅದೇ ಪಂಥದವರು. ‘ವಿರುದ್ಧ’ ಅನ್ನುವ ಅರ್ಥ ಆಮೇಲೆ ಸೇರಿಕೊಂಡದ್ದು.

ನಮ್ಮ ‘ಪ್ರತಿಭಟಿಸು’ ಒಳಗೆ ಸಾಕ್ಷಿ ಇಲ್ಲ, ಭಟ ಇದ್ದಾನೆ, ಎದುರು ನಿಂತ ಸೈನಿಕ. ಅದಕ್ಕೇ ಇರಬೇಕು, ನಾಲ್ಕು ಜನ ಬ್ಯಾನರ್ ಹಿಡಿದರೂ ಪೊಲೀಸ್ ವ್ಯಾನ್ ಬರೋದು!

ಆ ಹಳೇ ಅರ್ಥ ಹಿಡಿದು ನಮ್ಮೂರಿನ ಚರಿತ್ರೆ ನೋಡಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೊರಗರು ಸರ್ಕಾರಿ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. ಅಸ್ಪೃಶ್ಯತೆ ಉಂಡದ್ದು ಮಾತ್ರ ನಮಗಿಂತ ಹೆಚ್ಚು. ನಮ್ಮವರ ಕೈಯಿಂದಲೂ ಉಂಡರು, ಅದನ್ನೂ ಒಪ್ಪಿಕೊಳ್ಳೋಣ. ಅಜಲನ್ನು ‘ಸಂಪ್ರದಾಯ, ಅವರಾಗಿಯೇ ಬರ್ತಾರೆ’ ಅಂದವರು ಕಡಿಮೆಯೇನಲ್ಲ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿದ್ದು, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಮನುಷ್ಯರನ್ನು ಓಡಿಸಿದ್ದು, ಇದನ್ನೆಲ್ಲ ತಿಂದವರು, ಓಡಿದವರು ಬಾಯಿಬಿಟ್ಟು ಹೇಳಬೇಕಿತ್ತು. ಹೇಳುವುದೆಂದರೆ ಆ ಅನ್ನವನ್ನು ಇನ್ನೊಮ್ಮೆ ಉಂಡ ಹಾಗೆ. ಅದರ ಸಂಕಟ ನಮ್ಮ ಮೈಕಿನ ಭಾಷಣಕ್ಕೆ ಗೊತ್ತಿಲ್ಲ.

1993ರ ಆಗಸ್ಟ್ 18ರಂದು ಕೊರಗರು ಭೂಮಿ ಕೇಳಿ ಮಂಗಳೂರಿನಲ್ಲಿ ಮೆರವಣಿಗೆ ಮಾಡಿದರು. ಆಗ ಉಡುಪಿ ಜಿಲ್ಲೆ ಆಗಿರಲಿಲ್ಲ, ಕುಂದಾಪುರಕ್ಕೂ ಮಂಗಳೂರೇ ಜಿಲ್ಲಾಕೇಂದ್ರ. ಆ ದಿನವನ್ನೇ ಈಗ ಕೊರಗರು ಭೂಮಿ ಹಬ್ಬ ಅಂತ ಮಾಡ್ತಾರೆ. ಡಾ. ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಅಂತ ಶಿಫಾರಸು ಮಾಡಿತು. ಎಷ್ಟು ಮನೆಗೆ ಸಿಕ್ಕಿತು, ಕಾಲನಿಗೆ ಹೋಗಿ ಕೇಳಿ.

2000ದಲ್ಲಿ ಅಜಲು ನಿಷೇಧ ಕಾಯ್ದೆ ಬಂತು. ಅದನ್ನೊಮ್ಮೆ ಓದಿ. ಉಗುರು, ಕೂದಲು, ಕಂಬಳ ಅಂತಲೇ ಬರೆದಿದೆ. ಕಾನೂನಿನ ಪುಸ್ತಕಕ್ಕೆ ಇಂಥ ಮಾತು ಸುಮ್ಮನೆ ಬರೋದಿಲ್ಲ, ಯಾರದ್ದೋ ಗಂಟಲಿಂದ ಬಂದಿರ್ತದೆ.

ನಮ್ಮ ಮನವಿಯಲ್ಲಿ ‘ತೀವ್ರವಾಗಿ ವಿರೋಧಿಸುತ್ತೇವೆ’ ಅಂತ ಮೂರು ಕಡೆ ಇತ್ತು. ಹುಡುಗ ಎರಡನ್ನು ಹೊಡೆದುಹಾಕಿದ. ಆ ಜಾಗದಲ್ಲಿ ಕಾಲನಿಯ ಅಜ್ಜಿ ಹೇಳಿದ್ದನ್ನು ಬರೆದ: ಅವತ್ತು ಎಷ್ಟು ಹೊತ್ತಿಗೆ ಕರೆದರು, ಎಲ್ಲಿ ಕೂರಿಸಿದರು, ಎಲೆಯ ಮೇಲೆ ಏನಿತ್ತು.

ಇಂಗ್ಲಿಷ್ ಮಾಡೋದು ಇನ್ನೂ ಬಾಕಿ.