‘ಸಾವಯವ’: ಒಂದು ಪದ, ಎರಡು ಚರಿತ್ರೆ

ಅಂಗಡಿಯಲ್ಲಿ ತೊಗರಿಬೇಳೆಯ ಎರಡು ಪೊಟ್ಟಣಗಳಿವೆ ಎಂದುಕೊಳ್ಳಿ. ಒಂದರ ಮೇಲೆ ‘ಸಾವಯವ’ ಎಂದು ಅಚ್ಚಾಗಿದೆ, ಬೆಲೆಯೂ ಹೆಚ್ಚು. ಹಾಗಾದರೆ ಇನ್ನೊಂದು ಪೊಟ್ಟಣದ ಬೇಳೆ ನಿರವಯವವೇ? ಖಂಡಿತ ಅಲ್ಲ. ಪಿಷ್ಟ, ಪ್ರೋಟೀನು ಮುಂತಾದ ಕಾರ್ಬನ್ ಸಂಯುಕ್ತಗಳಿಂದಾದ ಎರಡೂ ಬೇಳೆಗಳು ರಸಾಯನ ವಿಜ್ಞಾನದ ಪ್ರಕಾರ ಸಾವಯವವೇ. ಇನ್ನೂ ವಿಚಿತ್ರವೆಂದರೆ, ಸಾವಯವ ಕೃಷಿಯಲ್ಲಿ ನಿಷಿದ್ಧವಾಗಿರುವ ಯೂರಿಯ ಗೊಬ್ಬರವೂ ಡಿಡಿಟಿಯೂ ಸಾವಯವ ಸಂಯುಕ್ತಗಳು! ಈ ಗೊಂದಲ ಬಿಡಿಸಿಕೊಳ್ಳಲು ಪದದ ಚರಿತ್ರೆಯನ್ನು ನೋಡಬೇಕು.

ಪ್ರಯೋಗಾಲಯದ ದಾರಿ

ಜೀವಿಗಳಲ್ಲಿರುವ ವಸ್ತುಗಳ ತಯಾರಿಕೆಗೆ ವಿಶೇಷವಾದ ಪ್ರಾಣಶಕ್ತಿ ಬೇಕು ಎಂಬ ನಂಬಿಕೆ ಹಿಂದೆ ಇತ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯವನ್ನು ಪಡೆದ. ಆ ನಂಬಿಕೆ ಕ್ರಮೇಣ ಸಡಿಲವಾಯಿತು. 1840ರಲ್ಲಿ ಯೂಸ್ಟಸ್ ಫಾನ್ ಲೀಬಿಗ್ ಸಸ್ಯಗಳ ಪೋಷಣೆಗೆ ಖನಿಜ ಲವಣಗಳು ಅಗತ್ಯವೆಂದು ವಾದಿಸಿದ. 1843ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್ ಒಂದೇ ಹೊಲದ ಕೆಲವು ಪಟ್ಟಿಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ರಸಗೊಬ್ಬರ ಹಾಕಿ ಗೋಧಿ ಬೆಳೆದರು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಸಾಕಷ್ಟು ರಸಗೊಬ್ಬರ ಪಡೆದ ಪಟ್ಟಿಗಳ ಇಳುವರಿ ಬಹುಕಾಲ ಕೊಟ್ಟಿಗೆ ಗೊಬ್ಬರದ ಪಟ್ಟಿಗೆ ಸಮನಾಗಿಯೇ ಇತ್ತು. ಆದರೆ ಮಣ್ಣಿನಲ್ಲಿರುವ ಜೈವಿಕಾಂಶ ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲಿ ಬಹಳ ಹೆಚ್ಚಾಯಿತು. ಎರಡೂ ಪಕ್ಷದವರು ನೆನಪಿಡಬೇಕಾದ ಫಲಿತಾಂಶ ಇದು.

1909ರಲ್ಲಿ ಫ್ರಿಟ್ಸ್ ಹಾಬರ್ ಗಾಳಿಯ ನೈಟ್ರೊಜನ್ನಿನಿಂದ ಅಮೋನಿಯ ತಯಾರಿಸಿ ತೋರಿಸಿದ. 1913ರಲ್ಲಿ ಕಾರ್ಲ್ ಬಾಷ್‌ನ ಶ್ರಮದಿಂದ ಜರ್ಮನಿಯ ಓಪ್ಪಾವುದಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಜಗತ್ತಿನ ಅನ್ನದ ಲೆಕ್ಕವೇ ಬದಲಾಯಿತು.

ಹೊಲದ ದಾರಿ

ಇನ್ನೊಂದು ಚರಿತ್ರೆಯ ಬೇರು ನಮ್ಮ ದೇಶದಲ್ಲಿದೆ. ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ. ರೈತರನ್ನು ತಿದ್ದಲು ಬಂದವನು ಅವರಿಂದಲೇ ಕಲಿತ. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ಬೆಳೆಯ ಉಳಿಕೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಇವುಗಳನ್ನು ಪದರ ಪದರವಾಗಿ ಹಾಕಿ, ಆಗಾಗ ತಿರುವಿ, ಸುಮಾರು ಮೂರು ತಿಂಗಳಲ್ಲಿ ಕಾಂಪೋಸ್ಟ್ ಪಡೆಯುವ ‘ಇಂದೋರ್ ವಿಧಾನ’ವನ್ನು ರೂಪಿಸಿದ. ಯಶವಂತ ವಾಡ್ ಜೊತೆ ಬರೆದ ಪುಸ್ತಕ 1931ರಲ್ಲಿ ಪ್ರಕಟವಾಯಿತು.

1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಇಂತಹ ಬೇಸಾಯಕ್ಕೆ ‘ಆರ್ಗ್ಯಾನಿಕ್’ ಎಂಬ ಹೆಸರು ಕೊಟ್ಟ. ಹೊಲವು ಅವಯವಗಳುಳ್ಳ ಒಂದು ಜೀವಿಯಂತೆ ಎಂಬುದು ಅವನ ಅರ್ಥ. ಕಾರ್ಬನ್ನಿನ ಮಾತೇ ಇಲ್ಲ. ಸ + ಅವಯವ ಎಂಬ ನಮ್ಮ ಪದ ಈ ಅರ್ಥಕ್ಕೇ ಚೆನ್ನಾಗಿ ಹೊಂದುತ್ತದೆ, ಅಲ್ಲವೇ?

ಅಲ್ಲಿಯವರೆಗೆ ಚರ್ಚೆ ಮುಖ್ಯವಾಗಿ ಮಣ್ಣಿನ ಬಗ್ಗೆ ಇತ್ತು. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಕೊಂಡ ಪಾಲ್ ಮ್ಯೂಲರ್‌ಗೆ 1948ರಲ್ಲಿ ನೊಬೆಲ್ ಬಂತು. 1962ರಲ್ಲಿ ರೇಚಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಪೀಡೆನಾಶಕಗಳ ಅಪಾಯವನ್ನು ಎತ್ತಿ ತೋರಿಸಿದಳು. ಕೊಳ್ಳುವವರ ಆತಂಕ ಮಣ್ಣಿನಿಂದ ತಟ್ಟೆಗೆ ಬಂತು.

ಚಿಹ್ನೆ ಹೇಳುವುದೇನು?

ಬೇಡಿಕೆ ಬಂದ ಮೇಲೆ ಮೋಸವೂ ಬಂತು, ನಿಯಮಗಳು ಬೇಕಾದವು. ಅಮೆರಿಕ 1990ರಲ್ಲಿ ಕಾನೂನು ಮಾಡಿತು. ಭಾರತದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ 2001ರಲ್ಲಿ, ಕರ್ನಾಟಕದ ಸಾವಯವ ಕೃಷಿ ನೀತಿ 2004ರಲ್ಲಿ, ದೇಶದೊಳಗಿನ ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು 2017ರಲ್ಲಿ ಬಂದವು.

ಗಮನಿಸಿ: ಪ್ರಮಾಣಪತ್ರ ಸಿಗುವುದು ಬೆಳೆಯುವ ಕ್ರಮಕ್ಕೆ. ರಸಗೊಬ್ಬರ ಬಿಟ್ಟ ಮರುದಿನವೇ ಹೊಲ ಸಾವಯವವಾಗುವುದಿಲ್ಲ. ಪರಿವರ್ತನೆಗೆ ಸಾಮಾನ್ಯವಾಗಿ 2ರಿಂದ 3 ವರ್ಷ ಬೇಕು. ಸಾವಯವ ಎಂದರೆ ಯಾವ ಸಿಂಪರಣೆಯೂ ಇಲ್ಲ ಎಂದಲ್ಲ; ಬೇವಿನ ಉತ್ಪನ್ನಗಳಿಗೂ, ಮಿತಿಗೊಳಪಟ್ಟು ತಾಮ್ರದ ಲವಣಗಳಿಗೂ ಅವಕಾಶವಿದೆ. ‘ನೈಸರ್ಗಿಕ’ ಎಂಬ ಬರಹವಂತೂ ಸಾವಯವ ಪ್ರಮಾಣಪತ್ರಕ್ಕೆ ಸಮನಲ್ಲ.

ಪೌಷ್ಟಿಕತೆಯ ವಿಷಯವೇನು? 2009ರಲ್ಲಿ ಲಂಡನ್ನಿನ ತಜ್ಞರ ಸಮೀಕ್ಷೆ ಮಹತ್ವದ ವ್ಯತ್ಯಾಸ ಕಾಣಲಿಲ್ಲ. 2012ರ ಸ್ಟ್ಯಾನ್‌ಫೋರ್ಡ್ ಸಮೀಕ್ಷೆಯೂ ಹೆಚ್ಚಿನ ಪೌಷ್ಟಿಕತೆಗೆ ಬಲವಾದ ಆಧಾರ ಕಾಣಲಿಲ್ಲ. ಆದರೆ ಪೀಡೆನಾಶಕದ ಶೇಷ ಸಾಮಾನ್ಯ ಮಾದರಿಗಳಲ್ಲಿ ಶೇ. 38ರಷ್ಟರಲ್ಲಿ, ಸಾವಯವದಲ್ಲಿ ಶೇ. 7ರಷ್ಟರಲ್ಲಿ ಕಂಡುಬಂತು. ಮಿತಿ ಮೀರಿದ ಶೇಷ ಎರಡರಲ್ಲೂ ವಿರಳ. 2014ರ ಇನ್ನೊಂದು ಸಮೀಕ್ಷೆ ಸಾವಯವ ಬೆಳೆಗಳಲ್ಲಿ ಆಂಟಿಆಕ್ಸಿಡೆಂಟುಗಳು ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದಿತು.

ಆದ್ದರಿಂದ ಹೆಚ್ಚಿನ ಬೆಲೆ ಕೊಡುವಾಗ ಏನನ್ನು ಕೊಳ್ಳುತ್ತಿದ್ದೀರಿ ಎಂಬುದು ನಿಮಗೆ ತಿಳಿದಿರಲಿ: ಮಣ್ಣಿನ ಆರೈಕೆ, ಕಡಿಮೆ ಶೇಷ, ಸಿಂಪಡಿಸುವ ಕೂಲಿಯವರಿಗೆ ಕಡಿಮೆ ವಿಷ. ಹೆಚ್ಚು ಪೌಷ್ಟಿಕಾಂಶದ ಭರವಸೆ ಅದರಲ್ಲಿ ಸೇರಿಲ್ಲ. ದುಬಾರಿಯೆಂದು ಸೊಪ್ಪು, ತರಕಾರಿ ತಿನ್ನುವುದನ್ನೇ ಕಡಿಮೆ ಮಾಡಿದರೆ ಮಾತ್ರ ನಷ್ಟ ಖಚಿತ.

ಉಪಾಧ್ಯಾಯರು ತರಗತಿಗೆ ಕೆಲವು ಖಾಲಿ ಪೊಟ್ಟಣಗಳನ್ನು ತರಿಸಿ, ಯಾವುದರ ಮೇಲೆ ಪ್ರಮಾಣೀಕರಣದ ಚಿಹ್ನೆ ಇದೆ, ಯಾವುದರ ಮೇಲೆ ಬರೀ ಮಾತಿದೆ ಎಂದು ಮಕ್ಕಳಿಂದಲೇ ಪಟ್ಟಿ ಮಾಡಿಸಬಹುದು.