ಏಳೂವರೆ ವರ್ಷ

ಅನಕಾಪಲ್ಲಿಯವರಾದ ನಮಗೆ ನೌಕಾಪಡೆ ದೂರದ್ದಲ್ಲ. ಪೂರ್ವ ನೌಕಾ ಕಮಾಂಡ್ ಇರುವುದು ಪಕ್ಕದ ವಿಶಾಖಪಟ್ಟಣದಲ್ಲೇ. ಈ ಊರ ಇತಿಹಾಸವೆಂದರೆ 1971ರ ಯುದ್ಧವನ್ನೇ ಎಲ್ಲರೂ ಹೇಳುತ್ತಾರೆ. ನಾನು 2016ರ ಜುಲೈ 22ನ್ನು ಹೇಳುತ್ತೇನೆ.

ಅಂದು ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಒಳಗಿದ್ದ 29 ಮಂದಿಯಲ್ಲಿ 8 ಜನ ವಿಶಾಖಪಟ್ಟಣದ ನೌಕಾ ಶಸ್ತ್ರಾಗಾರದ ನಾಗರಿಕ ನೌಕರರು. ಸಮವಸ್ತ್ರವಿಲ್ಲದವರ ಮನೆಯನ್ನು 'ಸೈನಿಕ ಕುಟುಂಬ' ಎಂದು ನಾವು ನೆನೆಯುವುದೇ ಕಡಿಮೆ.

ಎಷ್ಟು ಹುಡುಕಿದರೂ ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ, ಎಲ್ಲರೂ ತೀರಿಕೊಂಡಿದ್ದಾರೆಂದು ಭಾವಿಸಲಾಗಿದೆ ಎಂಬ ತಿಳಿವಳಿಕೆ ಮನೆಗಳಿಗೆ ಬಂತು. ಪಿಂಚಣಿಯ ಕಾಗದಕ್ಕೆ ಅಷ್ಟು ಸಾಕು. ಮನಸ್ಸಿಗೆ? ದೇಹವೇ ಸಿಗದಿದ್ದರೆ ಯಾವ ತಿಥಿಗೆ ಶ್ರಾದ್ಧ ಮಾಡುವುದು? ಕುಂಕುಮ ಇಡಬೇಕೋ ಬೇಡವೋ ಎಂದು ಅತ್ತೆ ಕೇಳಿದರೆ ಸೊಸೆ ಏನು ಹೇಳಬೇಕು? (ಕುಂಕುಮದ ಬಗ್ಗೆ ನನ್ನ ತಕರಾರು ಬೇರೆಯೇ ಇದೆ, ಅದು ಇನ್ನೊಮ್ಮೆ.)

ಅಮೆರಿಕದ ಪಾಲಿನ್ ಬಾಸ್ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಯೋಧರ ಕುಟುಂಬಗಳನ್ನು ಅಧ್ಯಯನ ಮಾಡಿದರು. ಇಂಥ ಸ್ಥಿತಿಯನ್ನು ಅವರು 'ಅಸ್ಪಷ್ಟ ನಷ್ಟ' ಎಂದರು. ಅಳಲೂ ಆಗದೆ ಆಸೆ ಬಿಡಲೂ ಆಗದೆ ನಿಂತವಳಿಗೆ ಕಾಯಿಲೆಯಿಲ್ಲ. ಅವಳ ಪರಿಸ್ಥಿತಿಯೇ ಹಾಗಿದೆ. ಇದನ್ನು ಓದಿದ ಮೇಲೆ 'ಧೈರ್ಯ ತಂದುಕೋ ತಾಯಿ' ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

2024ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಸುದ್ದಿ ಕೊಟ್ಟಿತು: ಚೆನ್ನೈ ತೀರದಿಂದ ಸುಮಾರು 310 ಕಿ.ಮೀ. ದೂರ, 3,400 ಮೀಟರ್ ಆಳದಲ್ಲಿ ವಿಮಾನದ ಅವಶೇಷ ಕಂಡಿದೆ. ಅಪ್ಪ ಹೊರಟಾಗ ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಎಂಟನೆಯದರಲ್ಲಿರುತ್ತದೆ.